ಉದುರಿದ ಹಲ್ಲು ಯಾರದು?

ಜೀವಿಯ ಅವಶೇಷವನ್ನು ಮನೆಯಲ್ಲಿ ಸಂಗ್ರಹಿಸಿಡುವುದು ಶ್ರಾವಕನಿಗೆ ಯೋಗ್ಯವೇ? ಶಾರ್ಕ್ ಮೀನಿನ ಪಳೆಯುಳಿಕೆ ಹಲ್ಲುಗಳನ್ನು ಕೂಡಿಡುವ ಹವ್ಯಾಸವು ಇಂದು ಅನೇಕ ದೇಶಗಳಲ್ಲಿ ಹಬ್ಬಿದೆ. ನಮ್ಮ ಮಕ್ಕಳೂ ಅದನ್ನು ಬಯಸುವ ಕಾಲ ಬಂದಿದೆ. ಬೇಡವೆಂದು ಗದರಿಸುವುದು ಸುಲಭ. ಆದರೆ ಕಾರಣ ಹೇಳದ ನಿಷೇಧವು ಎಳೆಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದುದರಿಂದ ಹಿಂಸೆ, ಅದತ್ತಾದಾನ, ಪರಿಗ್ರಹ ಎಂಬ ಮೂರು ದೃಷ್ಟಿಗಳಿಂದ ಇದನ್ನು ವಿವೇಚಿಸುವುದು ಉಚಿತ.

ಮೊದಲನೆಯದು ಹಿಂಸೆ. ಶಾರ್ಕಿನ ಅಸ್ಥಿಪಂಜರವು ಮೃದ್ವಸ್ಥಿಯಿಂದಾದುದು. ಸತ್ತ ಮೇಲೆ ಅದು ಬಹುಮಟ್ಟಿಗೆ ನಶಿಸುತ್ತದೆ. ಹಲ್ಲು ಮಾತ್ರ ಗಟ್ಟಿ. ಅದರ ಬಾಯಲ್ಲಿ ಹಲ್ಲುಗಳು ಸಾಲುಸಾಲಾಗಿದ್ದು, ಮುಂದಿನದು ಉದುರಿದಂತೆ ಹಿಂದಿನದು ಆ ಸ್ಥಾನಕ್ಕೆ ಬರುತ್ತದೆ. ಹೀಗೆ ಒಂದೇ ಮೀನು ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ತಾನಾಗಿಯೇ ತ್ಯಜಿಸುತ್ತದೆ. ಕಡಲತಳದ ಕೆಸರಿನಲ್ಲಿ ಹುದುಗಿ, ಖನಿಜಗಳನ್ನು ಹೀರಿ, ಅವು ಕಲ್ಲಿನಂತಾಗುತ್ತವೆ. ತುಮಕೂರಿನ ಸಮೀಪ ಮಂದರಗಿರಿಯಲ್ಲಿ ಪಿಂಛಿಯ ಆಕಾರದ ಗುರುಮಂದಿರವನ್ನು ನಾವೆಲ್ಲ ನೋಡಿದ್ದೇವೆ. ಮುನಿಗಳ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು. ಉದುರಿದ ಗರಿಗೆ ದೋಷವಿಲ್ಲವಾದರೆ, ಮಳೆಯಿಂದ ತಾನಾಗಿ ಹೊರಬಂದ ಹಲ್ಲಿಗೂ ಆ ದೋಷ ತಟ್ಟದು. ಆದರೆ ಪದಕವಾಗಿ ಮಾರುವ ಹಲ್ಲುಗಳಲ್ಲಿ ಕೊಂದ ಶಾರ್ಕಿನವೂ ಇರುತ್ತವೆ. ಮೂಲ ವಿಚಾರಿಸದೆ ಕೊಳ್ಳುವವನು ಆ ವಧೆಯನ್ನು ಅನುಮೋದಿಸಿದಂತೆಯೇ ಸರಿ.

ಎರಡನೆಯದು ಅದತ್ತಾದಾನ, ಅಂದರೆ ಕೊಡದಿರುವುದನ್ನು ಪಡೆಯುವುದು. ಕೋಟ್ಯಂತರ ವರ್ಷಗಳ ಹಿಂದಿನ ಹಲ್ಲಿಗೆ ಒಡೆಯನಾರು? ನೆಲದ ಒಡೆಯನ ಅನುಮತಿ ಬೇಕೆಂಬುದು ನಿರ್ವಿವಾದ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಒಡೆತನವುಂಟು. ತುಮಕೂರು, ಕುಣಿಗಲ್ ಕಡೆಯ ಗ್ನೈಸ್ ಬಂಡೆಗಳಲ್ಲಿ ಶಾರ್ಕ್ ಹಲ್ಲು ದೊರೆಯದು. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಶಿಲೆಯಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟುಗಳಿವೆ; ಅವು 250 ಕೋಟಿ ವರ್ಷಗಳಿಗೂ ಹಿಂದಿನವು. ಶಾರ್ಕ್ ಹಲ್ಲುಗಳ ಇತಿಹಾಸವಾದರೋ ಸುಮಾರು 40 ಕೋಟಿ ವರ್ಷಗಳದು. ಅವುಗಳನ್ನು ಕಾಣಲು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆಗೆ ಹೋಗಬೇಕು. ಸುಮಾರು 10 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಇದನ್ನು ನಮಗೆ ತಿಳಿಸಿದ ಸಾಕ್ಷಿಗಳಲ್ಲಿ ಇಂತಹ ಹಲ್ಲುಗಳೂ ಸೇರಿವೆ. ಯಾವ ಊರು, ಯಾವ ಪದರ ಎಂಬುದನ್ನು ಬರೆಯದೆ ಎತ್ತಿಕೊಂಡರೆ ಹಲ್ಲು ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ವ್ಯಾಪಾರಿಗಳಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ದಿನಾಂಕ, ಹೆಸರು, ಬಾಬ್ತು ಇಲ್ಲದ ವೋಚರಿನಲ್ಲಿ ಮೊತ್ತ ನಿಜವಾಗಿದ್ದರೂ ಲೆಕ್ಕಪರಿಶೋಧಕರು ಒಪ್ಪುವರೇ? ಹೀಗೆ ಅಳಿಸಿಹೋದ ಜ್ಞಾನವು ಮುಂದಿನ ಪೀಳಿಗೆಯಿಂದ ಕದ್ದದ್ದೇ ಆಗುತ್ತದೆ.

ಹಾಗಾದರೆ ಮುಟ್ಟದಿರುವುದೇ ಶ್ರೇಯಸ್ಕರವೇ? ಹಾಗೆಂದು ಹೇಳಲಾಗದು. ಅರಿಯಲೂರು ಪ್ರದೇಶದಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲಿನ ಗಣಿಗಾರಿಕೆ ನಡೆಯುತ್ತದೆ. ಪುಡಿಯಾಗಲಿದ್ದ ಹಲ್ಲನ್ನು ವಿವರ ಸಹಿತ ಎತ್ತಿಟ್ಟವನು ರಕ್ಷಕನೇ ಹೊರತು ಕಳ್ಳನಲ್ಲ. ಮದರಾಸಿನ ಸಿವಿಲ್ ಅಧಿಕಾರಿ ಕೇ ಮತ್ತು ಕನ್‌ಲಿಫ್ ಎಂಬವರು ದಕ್ಷಿಣ ಭಾರತದ ಈ ಶಿಲೆಗಳಿಂದ ಸಂಗ್ರಹಿಸಿದುದನ್ನು ವಿದ್ವಾಂಸರಿಗೆ ಒಪ್ಪಿಸಿದರು. ಅದರಲ್ಲಿದ್ದ ಮೀನಿನ ಅವಶೇಷಗಳನ್ನು, ಶಾರ್ಕ್ ಹಲ್ಲುಗಳನ್ನೂ ಸೇರಿಸಿ, 1845ರಲ್ಲಿ ಎಗರ್ಟನ್ ವಿವರಿಸಿದರು. ಹಲ್ಲುಗಳು ಪೆಟ್ಟಿಗೆಯಲ್ಲೇ ಉಳಿದಿದ್ದರೆ ಈ ಅರಿವು ನಮಗೆಲ್ಲಿ ಲಭಿಸುತ್ತಿತ್ತು?

ಇಲ್ಲಿಯೇ ಮೂರನೆಯದಾದ ಪರಿಗ್ರಹದ ನಿರ್ಣಯವೂ ಅಡಗಿದೆ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮಮತ್ವದಲ್ಲಿದೆ. ಒಂದೇ ಹಲ್ಲನ್ನು ಬಚ್ಚಿಟ್ಟು ಹೆಮ್ಮೆಪಡುವವನು ಪರಿಗ್ರಹಿ. ನೂರನ್ನು ಕ್ರಮವಾಗಿ ದಾಖಲಿಸಿ, ಕೇಳಿದೊಡನೆ ಸಂಗ್ರಹಾಲಯಕ್ಕೆ ಕೊಡಲು ಸಿದ್ಧನಿರುವವನು ಕೇವಲ ನಿಕ್ಷೇಪದ ಪಾಲಕ.

ಈ ವಿವೇಕವು ಹಲ್ಲಿಗಷ್ಟೇ ಸೀಮಿತವಲ್ಲ. ಬಸದಿಯ ಜೀರ್ಣೋದ್ಧಾರದಲ್ಲಿ ದೊರೆತ ಶಾಸನಕಲ್ಲನ್ನು ಅದಿದ್ದ ಸ್ಥಳ ಗುರುತಿಸದೆ ಸರಿಸಿದರೂ, ಹಳೆಯ ಓಲೆಗರಿಯನ್ನು ಯಾವ ಮನೆಯದೆಂದು ಬರೆಯದೆ ಕಪಾಟಿಗೆ ಸೇರಿಸಿದರೂ ದೋಷ ಒಂದೇ. ಮಗು ಹಲ್ಲನ್ನು ಕೇಳಿದರೆ, ಅದು ಎಲ್ಲಿಯದೆಂದು ಮಾರುವವನನ್ನು ಮೊದಲು ಕೇಳಲು ಕಲಿಸೋಣ. ಉತ್ತರ ಸಿಗದಿದ್ದರೆ ಕೊಳ್ಳುವುದು ಬೇಡ. ಸಿಕ್ಕರೆ, ಆ ಉತ್ತರವನ್ನು ಚೀಟಿಯಲ್ಲಿ ಬರೆದು ಹಲ್ಲಿನೊಡನೆ ಇಡಿಸೋಣ.