ಕ್ಷೌರದ ನೋವಿಗೆ ಪುಣ್ಯವುಂಟೆ?

ಕ್ಷೌರವಾದ ಮರುದಿನ ಗಲ್ಲದ ಕೆಳಗೆ, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳೆದ್ದು ಉರಿಯುವುದು, ನವೆಯಾಗುವುದು ಗುಂಗುರು ಕೂದಲಿನವರಲ್ಲಿ ಹೆಚ್ಚು. ಬ್ಲೇಡು ಕೂದಲನ್ನು ಓರೆಯಾಗಿ ಕತ್ತರಿಸಿ ಅದರ ತುದಿಯನ್ನು ಚೂಪು ಮಾಡುತ್ತದೆ. ಆ ತುದಿ ಬೆಳೆಯುತ್ತ ಬಾಗಿ ಚರ್ಮದೊಳಕ್ಕೆ ಚುಚ್ಚಿಕೊಂಡಾಗ ಸುತ್ತ ಬಾವು ಬರುತ್ತದೆ. ಬುಡಸಮೇತ ಕಿತ್ತರೂ ಹೊಸ ಕೂದಲು ಚರ್ಮದಡಿಯಲ್ಲೇ ಸಿಕ್ಕಿಕೊಳ್ಳುವುದುಂಟು. ಕೂದಲು ತೆಗೆಯುವುದು ಹಲವು ಧರ್ಮಗಳಲ್ಲಿ ಆಚಾರವೂ ಆಗಿರುವುದರಿಂದ ಇಲ್ಲೊಂದು ಪ್ರಶ್ನೆ ಏಳುತ್ತದೆ: ಆಚಾರ ಪಾಲಿಸಲು ಹೋಗಿ ಚರ್ಮ ನೊಂದರೆ, ಆ ನೋವಿಗೇ ಪುಣ್ಯವುಂಟೆ?

ಈ ಪ್ರಶ್ನೆಯನ್ನು ಕೊನೆಯವರೆಗೂ ಎಳೆದು ನೋಡಿದವರು ದಿಗಂಬರ ಜೈನರು. ವಟ್ಟಕೇರರ ‘ಮೂಲಾಚಾರ’ ಹೇಳುವ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚವೂ, ಅಂದರೆ ಕೂದಲನ್ನು ಕೈಯಿಂದ ಕೀಳುವುದೂ, ಒಂದು. ಶ್ರವಣಬೆಳಗೊಳಕ್ಕೆ ಬರುವ ಮುನಿಗಳು ಇಂದಿಗೂ ಇದನ್ನು ತಪ್ಪದೆ ನಡೆಸುತ್ತಾರೆ. ಅಂದು ಉಪವಾಸ. ಮುನಿ ಅಲುಗದೆ ಕುಳಿತು, ಬೆರಳುಗಳಿಗೆ ಬೂದಿ ಹಚ್ಚಿಕೊಂಡು, ತಲೆಯ ಮತ್ತು ಗಡ್ಡದ ಕೂದಲನ್ನು ಚಿಕ್ಕ ಚಿಕ್ಕ ಎಳೆಗಳಾಗಿ ಹಿಡಿದು ಕೀಳುತ್ತಾರೆ. ಬೆವರಿದ ಕೂದಲು ಜಾರದೆ ಬೆರಳಿಗೆ ಸಿಗುವುದು ಬೂದಿಯಿಂದ. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರು ತಿಂಗಳಿಗೆ ಮಧ್ಯಮ, ನಾಲ್ಕಕ್ಕೆ ಜಘನ್ಯ, ಅಂದರೆ ಕನಿಷ್ಠ.

ಕತ್ತಿಯನ್ನು ಬಿಟ್ಟು ಕೈಯಿಂದಲೇ ಕೀಳಬೇಕೇಕೆ ಎಂಬುದಕ್ಕೆ ಜೈನ ಪರಂಪರೆ ಕೊಡುವ ಕಾರಣಗಳು ಗಮನಾರ್ಹ. ಕತ್ತಿ ಇಟ್ಟುಕೊಂಡರೆ ಅದು ಪರಿಗ್ರಹ, ಅಂದರೆ ವಸ್ತುವಿನ ಒಡೆತನ. ಕ್ಷೌರಿಕನನ್ನು ಬೇಡಿದರೆ ಅದು ದೈನ್ಯ. ಬೆಳೆಯಲು ಬಿಟ್ಟರೆ ಹೇನು ಹುಟ್ಟಿ ಜೀವಹಿಂಸೆ. ನೋಯಲೆಂದೇ ಕೀಳು ಎಂಬ ಮಾತು ಇವುಗಳಲ್ಲಿಲ್ಲ. ನೋವು ಬಂದರೆ ಸಮಚಿತ್ತದಿಂದ ತಾಳಿಕೊಳ್ಳುವುದು ಪರೀಷಹಜಯ, ಆದರೆ ನೋವೇ ಗುರಿಯಾಗಿದ್ದರೆ ಬೂದಿಯ ಅನುಕೂಲವೂ ನಾಲ್ಕು ತಿಂಗಳ ಅವಕಾಶವೂ ಇರುತ್ತಿರಲಿಲ್ಲ. ನೋವು ನೀಗಿಸುವ ಔಷಧದಾನವನ್ನು ಆಹಾರ, ಅಭಯ, ಶಾಸ್ತ್ರದಾನಗಳ ಸಾಲಿನಲ್ಲೇ ಇಟ್ಟ ಧರ್ಮವಿದು.

ಇಸ್ಲಾಮಿನಲ್ಲಿ ಕಂಕುಳ ಕೂದಲನ್ನು ಕೀಳುವುದು ಸುನ್ನತ್, ಅಂದರೆ ಪ್ರವಾದಿಯವರು ತೋರಿದ ನಡೆ. ನಲವತ್ತು ದಿನಕ್ಕಿಂತ ಹೆಚ್ಚು ಬಿಡಬಾರದೆಂದು ಹದೀಸ್ ಹೇಳುತ್ತದೆ. ಕೀಳುವುದೇ ಸುನ್ನತ್ ಎಂದು ಬಲ್ಲೆ, ಆದರೆ ಆ ನೋವು ತಾಳಲಾರೆ ಎಂದು ಇಮಾಂ ಶಾಫಿಯವರು ಕಂಕುಳನ್ನು ಬೋಳಿಸಿಕೊಳ್ಳುತ್ತಿದ್ದ ಸಂಗತಿಯನ್ನು ಹದೀಸ್ ವ್ಯಾಖ್ಯಾನಕಾರ ನವವಿ ದಾಖಲಿಸಿದ್ದಾರೆ. ಅಷ್ಟು ದೊಡ್ಡ ಧರ್ಮಜ್ಞರು ತಮ್ಮ ಚರ್ಮದ ಮಿತಿಯನ್ನು ಹೀಗೆ ಬಿಚ್ಚಿ ಹೇಳಿರುವುದು ಈ ಚರ್ಚೆಯಲ್ಲಿ ಬಹಳ ಬೆಲೆಯುಳ್ಳದ್ದು. ಸಿಖ್ಖರ ದಾರಿ ಇದಕ್ಕೆ ತದ್ವಿರುದ್ಧ: ಕೂದಲಿಗೆ ಕತ್ತರಿಯನ್ನೇ ಸೋಕಿಸುವಂತಿಲ್ಲ. ಹಾಗಿದ್ದರೂ 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಕೊಡಲು ಎದ್ದ ಐವರಲ್ಲೊಬ್ಬರಾದ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕ ಮನೆತನದವರೆಂದು ಸಿಖ್ ಪರಂಪರೆ ಹೇಳುತ್ತದೆ.

ಜೈನ ಮುನಿಯ ವ್ರತ ತಿಳಿದು ಕೈಗೊಂಡದ್ದು, ಸಂಸಾರಿಯ ಕ್ಷೌರ ಹಾಗಲ್ಲ. ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರಿನಲ್ಲಿ ಮಗುವಿನ ಜವಳ ತೆಗೆಸುವಾಗ ಅಳುವ ಕೂಸು ಯಾವ ವ್ರತವನ್ನೂ ತೊಟ್ಟಿರುವುದಿಲ್ಲ. ಅದರ ನೆತ್ತಿಗೆ ಗಾಯವಾದರೆ ಹರಕೆಗೆ ಬಲ ಬರುವುದೂ ಇಲ್ಲ. ಹೊಸ ಬ್ಲೇಡು, ಚೆನ್ನಾಗಿ ನೆನೆಸಿದ ಕೂದಲು, ಹಗುರವಾದ ಕೈ ಅಲ್ಲಿ ಧರ್ಮದ ಭಾಗವೇ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಸೋಂಕು ದಾಟಬಹುದು.

ಮೊದಲು ಹೇಳಿದ ಕ್ಷೌರದ ಗುಳ್ಳೆಗಳು ಬಿಡದೆ ಕಾಡಿದರೆ ಮೊದಲು ಮಾಡಬೇಕಾದದ್ದು ಕೆಲವು ವಾರ ಕ್ಷೌರ ನಿಲ್ಲಿಸುವುದು. ಮತ್ತೆ ಆರಂಭಿಸುವಾಗ ಬಿಸಿನೀರಿನಿಂದ ಮೆತ್ತಗಾಗಿಸಿ, ಚರ್ಮವನ್ನು ಜಗ್ಗದೆ, ಕೂದಲು ಬೆಳೆದ ದಿಕ್ಕಿನಲ್ಲೇ ಕತ್ತಿ ಆಡಿಸಬೇಕು. ಟ್ರಿಮ್ಮರಿನಿಂದ ಒಂದಿಷ್ಟು ಉದ್ದ ಉಳಿಸಿ ಕತ್ತರಿಸುವುದು ಇನ್ನೂ ಒಳ್ಳೆಯದು. ಗುಳ್ಳೆಗಳನ್ನು ಚಿವುಟಬಾರದು, ಅಂಗಡಿಯಲ್ಲಿ ಸಿಕ್ಕ ಸ್ಟೀರಾಯ್ಡ್ ಮುಲಾಮನ್ನು ವೈದ್ಯರನ್ನು ಕೇಳದೆ ದಿನವೂ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೀವು ತುಂಬಿದರೆ, ಕಪ್ಪು ಕಲೆ ಉಳಿದರೆ ಚರ್ಮವೈದ್ಯರಿಗೆ ತೋರಿಸಬೇಕು.