ಅಂಕ, ಅರ್ಹತೆ ಮತ್ತು ಅಂತರಾಯ

ಜೈನ ಕರ್ಮಸಿದ್ಧಾಂತವು ಹೇಳುವ ಎಂಟು ಮೂಲ ಪ್ರಕೃತಿಗಳಲ್ಲಿ ಮೊದಲನೆಯದು ಜ್ಞಾನಾವರಣೀಯ, ಕೊನೆಯದು ಅಂತರಾಯ. ಯಾವ ಯಾವ ನಡತೆಯಿಂದ ಯಾವ ಯಾವ ಕರ್ಮದ ಆಸ್ರವವಾಗುತ್ತದೆ ಎಂಬುದನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ವಿವರಿಸುತ್ತದೆ. ಜ್ಞಾನವನ್ನು ಮರೆಮಾಚುವುದು, ಜ್ಞಾನದ ವಿಷಯದಲ್ಲಿ ಮಾತ್ಸರ್ಯ ತಾಳುವುದು, ಇನ್ನೊಬ್ಬರ ಜ್ಞಾನಾರ್ಜನೆಗೆ ಅಡ್ಡಿಮಾಡುವುದು ಇವೆಲ್ಲವೂ ಜ್ಞಾನಾವರಣದ ಕಾರಣಗಳೆಂದು ಅಲ್ಲಿ ಎಣಿಸಲಾಗಿದೆ. ನಾವು ಇದನ್ನು ಸಾಮಾನ್ಯವಾಗಿ ವ್ಯಕ್ತಿಗತ ದೋಷವೆಂದೇ ಓದುತ್ತೇವೆ. ಆದರೆ ಒಂದು ನಿಯಮವೂ ಅಡ್ಡಿಯಾಗಬಲ್ಲುದೇ? ಯಾರಿಗೂ ಕೇಡು ಬಗೆಯದ ನಾಲ್ಕು ಮಂದಿ ಸಜ್ಜನರು ಸೇರಿ ಮಾಡಿದ ನಿಯಮದಿಂದ ಒಂದು ಮಗುವಿನ ವಿದ್ಯೆಗೆ ಅಂತರಾಯ ಉಂಟಾದರೆ ಅದರ ಹೊಣೆ ಯಾರದು? ಈ ಪ್ರಶ್ನೆ ನನಗೆ ಶಾಸ್ತ್ರಪಠಣದಿಂದ ಹುಟ್ಟಿದ್ದಲ್ಲ; ನಾನೇ ಸಹಿ ಹಾಕಿದ ಒಂದು ಪತ್ರದಿಂದ ಹುಟ್ಟಿದ್ದು.

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನ ನಮ್ಮ ಸಮಾಜದ ಒಂದು ವಿದ್ಯಾರ್ಥಿವೇತನ ಸಮಿತಿಯ ಸದಸ್ಯನಾಗಿದ್ದೆ. ದ್ವಿತೀಯ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಿದವರಿಗೆ ನೆರವು ನೀಡುವುದು ಸಮಿತಿಯ ಕೆಲಸ. ಶೇಕಡ 85ಕ್ಕಿಂತ ಕಡಿಮೆ ಅಂಕದ ಅರ್ಜಿಗಳನ್ನು ಪರಿಶೀಲಿಸಬಾರದೆಂಬುದು ನಿಯಮ. ಆ ವರ್ಷ ವೈಟ್‌ಫೀಲ್ಡ್‌ನ ಒಬ್ಬ ಹುಡುಗನಿಗೆ ಶೇ. 96 ಬಂದಿತ್ತು, ತಂದೆ ತಾಯಿ ಇಬ್ಬರೂ ಸಾಫ್ಟ್‌ವೇರ್ ಉದ್ಯೋಗಿಗಳು. ಪೀಣ್ಯದ ಒಬ್ಬ ಹುಡುಗಿಗೆ ಶೇ. 79, ತಂದೆ ಚಿಕ್ಕೋಡಿ ತಾಲ್ಲೂಕಿನಿಂದ ಬಂದು ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವರು, ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಎರಡೂ ಅರ್ಜಿಗಳ ತೀರ್ಮಾನಕ್ಕೆ ನಮಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಹುಡುಗನಿಗೆ ಅಭಿನಂದನಾ ಪತ್ರ, ಹುಡುಗಿಗೆ “ಅರ್ಹತೆ ಇರುವುದಿಲ್ಲ” ಎಂಬ ಪತ್ರ ಹೋಯಿತು.

ವಾರದ ನಂತರ ಆ ತಂದೆ ಬಸದಿಗೆ ಬಂದು, ದರ್ಶನ ಮುಗಿಸಿ, ನನ್ನ ಬಳಿ ನಿಂತರು. ಜಗಳವಾಡಲು ಬಂದವರಲ್ಲ. “ರೊಕ್ಕ ಇಲ್ಲ ಅಂತ ಬರದಿದ್ರ ನಡೀತಿತ್ರೀ ಸರ. ಅರ್ಹತಿ ಇಲ್ಲ ಅಂತ ಯಾಕ ಬರದ್ರಿ?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಮೇಲೆ ನಾನು ವಿಚಾರಿಸಿ ತಿಳಿದ ಸಂಗತಿಗಳು ಇಷ್ಟು. ಹುಡುಗಿ ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಗೆ ಬಂದೊಡನೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಯಿತು. ಒಂದೇ ಕೋಣೆಯ ಮನೆ. ತಂದೆಗೆ ರಾತ್ರಿ ಪಾಳಿ ಇದ್ದ ವಾರ ಅವರು ಹಗಲು ಮಲಗಬೇಕು, ಆಗ ಗಟ್ಟಿಯಾಗಿ ಓದುವಂತಿಲ್ಲ. ತಾಯಿ ಬೆಳಿಗ್ಗೆ ಎಂಟಕ್ಕೆ ಹೊರಡುವುದರಿಂದ ಅಡುಗೆ, ನೀರು, ತಮ್ಮನ ಶಾಲೆ ಎಲ್ಲವೂ ಆಕೆಯ ಪಾಲಿಗೆ. ಆ ಹುಡುಗನಿಗೆ ಓದಿಗೆ ಪ್ರತ್ಯೇಕ ಕೋಣೆ, ಪ್ರವೇಶ ಪರೀಕ್ಷೆಯ ತರಬೇತಿಯೂ ಸೇರಿದ ಪಿಯು ಕಾಲೇಜು, ತಿಳಿಯದ ಲೆಕ್ಕವನ್ನು ಬಿಡಿಸಿ ತೋರಿಸುವ ತಂದೆ ಎಲ್ಲವೂ ಇದ್ದುವು. ಅವನ ಶ್ರಮ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವನ ಅಂಕ ನಿಜ. ಅವಳ ಅಂಕವೂ ನಿಜ. ಆದರೆ 96 ಮತ್ತು 79 ಒಂದೇ ದೂರವನ್ನು ಅಳೆದ ಸಂಖ್ಯೆಗಳಲ್ಲ. ಒಂದು ವಸ್ತುವನ್ನು ಒಂದೇ ನಯದಿಂದ ನೋಡಿ ಅದೇ ಪೂರ್ಣಸತ್ಯವೆನ್ನುವುದನ್ನು ನಮ್ಮ ಆಚಾರ್ಯರು ದುರ್ನಯವೆಂದು ಕರೆದರು. ಅಂಕವೆಂಬುದು ಒಂದು ನಯ. ಅದನ್ನೇ ಅರ್ಹತೆಯ ಸಮಗ್ರ ಪ್ರಮಾಣವೆಂದು ಹಿಡಿದದ್ದು ನಮ್ಮ ಸಮಿತಿಯ ದುರ್ನಯ.

ನಾವು ವಾಸಿಸುವ ಈ ಪ್ರದೇಶವೇ ಅಂತಹ ಅಂತರಗಳಿಂದ ಕಟ್ಟಲ್ಪಟ್ಟಿದೆ. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕೈಗಾರಿಕೆಗಳು ಬೆಳೆದುವು. ವೈಟ್‌ಫೀಲ್ಡಿನ ಸುತ್ತ ಸಾಫ್ಟ್‌ವೇರ್ ಕಟ್ಟಡಗಳೆದ್ದುವು. ಭೂಮಿ ಮಾರಿದ ರೈತನ ಮಗ, ಆ ಭೂಮಿಯ ಮೇಲೆ ಕಟ್ಟಡ ಕಟ್ಟಲು ಬಂದ ಕೂಲಿಯ ಮಗ, ಆ ಕಟ್ಟಡದೊಳಗೆ ಕುಳಿತು ದುಡಿಯುವ ಎಂಜಿನಿಯರನ ಮಗ ಮೂವರೂ ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ, ಒಂದೇ ವರ್ಷ ಕಾಲೇಜಿಗೆ ಅರ್ಜಿ ಹಾಕುತ್ತಾರೆ. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳು ಬೃಹತ್ ಬೆಂಗಳೂರಿನೊಳಗೆ ಸೇರಿಕೊಂಡಾಗ ಎಷ್ಟೋ ಊರುಗಳು ಕಾಗದದ ಮೇಲೆ ಹಳ್ಳಿಗಳಾಗಿ ಉಳಿಯಲಿಲ್ಲ. ಆದರೆ ಅಲ್ಲಿಯ ಶಾಲೆಗಳು ಒಂದೇ ದಿನದಲ್ಲಿ ನಗರದ ಶಾಲೆಗಳಾಗಲೂ ಇಲ್ಲ.

ಅರ್ಜಿದಾರನ ಹಿನ್ನೆಲೆಯನ್ನು ನೋಡಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. 1975ರಲ್ಲಿ ಹಾವನೂರು ಆಯೋಗವು ಅದನ್ನು ಇನ್ನಷ್ಟು ಆಳವಾಗಿ ಪರಿಶೀಲಿಸಿ ವರದಿ ನೀಡಿತು. ಹಣವೇ ಸೀಟನ್ನು ಕೊಳ್ಳುತ್ತಿದ್ದ ಕಾಲವೂ ಇತ್ತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನ ನಮ್ಮ ರಾಜ್ಯದಲ್ಲಿ 1984ರಲ್ಲಿಯೇ ಬಂದಿತು. ಆದರೂ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ.ವರೆಗೆ ಎಂಬ ವ್ಯವಸ್ಥೆ ಉಳಿದಿದ್ದಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ ಶುಲ್ಕವನ್ನು ಕಾನೂನುಬಾಹಿರವೆಂದು ಸಾರಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಗೆ ಬಂದಿತು.

ಸಿ.ಇ.ಟಿ. ದೊಡ್ಡ ನ್ಯಾಯವನ್ನೇ ಮಾಡಿತು, ಸಂದೇಹವಿಲ್ಲ. ಆದರೆ ಬಾಗಿಲಲ್ಲಿ ನಿಂತು ಸೀಟು ಕೊಳ್ಳುತ್ತಿದ್ದ ಹಣ ಈಗ ಎರಡು ವರ್ಷ ಮೊದಲೇ ತರಬೇತಿಯ ರೂಪದಲ್ಲಿ ತನ್ನ ಕೆಲಸ ಮಾಡುತ್ತದೆ. ರಾಜ್ಯವು ಇದನ್ನು ಅರಿತೇ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳನ್ನು ಕಾದಿರಿಸಿದೆ. ಸರ್ಕಾರವೇ ಅಂಕದಾಚೆಗೆ ನೋಡುತ್ತಿರುವಾಗ, ಕರುಣೆಯನ್ನೇ ಧರ್ಮದ ಮೂಲವೆನ್ನುವ ನಮ್ಮ ಟ್ರಸ್ಟುಗಳು ಶೇಕಡಾವಾರಿನಲ್ಲಿಯೇ ನಿಂತುಬಿಡುವುದು ಸರಿಯೇ?

ಇಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರಿಸಬೇಕು. ಬಡ ಮನೆಯಲ್ಲಿ ಹುಟ್ಟಿದ್ದು ಪೂರ್ವಾರ್ಜಿತದ ಫಲ, ನಾವೇನು ಮಾಡಲಾದೀತು ಎನ್ನುವವರಿದ್ದಾರೆ. ರೋಗವೂ ಅಸಾತಾವೇದನೀಯದ ಉದಯವೇ ಅಲ್ಲವೇ? ಹಾಗೆಂದು ನಮ್ಮ ಹಿರಿಯರು ಔಷಧದಾನವನ್ನು ಬಿಟ್ಟರೇ? ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ವಿಧಿಸಿದ ಧರ್ಮ ಕರ್ಮವನ್ನು ಕೈಕಟ್ಟಿ ಕೂರಲು ನೆಪವಾಗಿ ಕೊಟ್ಟಿಲ್ಲ. ಅವಳ ಕರ್ಮ ಅವಳದು. ಆದರೆ ಅವಳ ವಿದ್ಯೆಗೆ ಅಡ್ಡಿಯಾದ ನಮ್ಮ ಆಸ್ರವ ನಮ್ಮದು.

ಹಿನ್ನೆಲೆ ನೋಡಿದರೆ ಪ್ರತಿಭೆಗೆ ಅಪಚಾರವಾಗುತ್ತದೆ ಎಂಬುದು ಇನ್ನೊಂದು ಮಾತು. ಹುಡುಗನನ್ನು ಗೌರವಿಸೋಣ, ಶಾಲು ಹೊದಿಸಿ ಪ್ರಶಸ್ತಿಪತ್ರ ಕೊಡೋಣ. ಆದರೆ ಗೌರವ ಬೇರೆ, ನೆರವು ಬೇರೆ. ಹಣವು ಯಾರ ಓದನ್ನು ಮುಂದುವರಿಸಬಲ್ಲುದೋ ಅವರಿಗೆ ಸೇರಬೇಕು. ನಮ್ಮ ಸಮಾಜದಲ್ಲಿ ಬಡವರೆಲ್ಲಿ ಎಂಬ ಪ್ರಶ್ನೆಯನ್ನೂ ಕೇಳಿದ್ದೇನೆ. 2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇ. 94.1, ದೇಶದ ಧಾರ್ಮಿಕ ಸಮುದಾಯಗಳಲ್ಲೇ ಅತ್ಯಧಿಕ ಎಂಬುದು ಹೆಮ್ಮೆಯ ವಿಷಯವೇ. ಸರಾಸರಿಯು ಹೆಮ್ಮೆಯನ್ನು ಕೊಡುತ್ತದೆ. ಸರಾಸರಿಯ ಕೆಳಗಿರುವವರನ್ನು ಮರೆಸುತ್ತದೆ. ಬೆಳಗಾವಿ ಸೀಮೆಯ ನಮ್ಮ ಒಕ್ಕಲು ಕುಟುಂಬಗಳ ಮಕ್ಕಳು ಇಂದು ಪೀಣ್ಯದ ಯಂತ್ರಗಳ ಮುಂದೆ ನಿಂತಿದ್ದಾರೆ.

ಇನ್ನು ಬಡತನವನ್ನು ಸಾಬೀತುಪಡಿಸಿರೆಂದು ಕೇಳುವುದೇ ಅವಮಾನವಲ್ಲವೇ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವುದಕ್ಕೆ ನಿರ್ಬಂಧ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಹಸ್ರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹಣದ ಮೇಲೆ ಎಷ್ಟೋ ತಾಯಂದಿರು ಮಕ್ಕಳ ಕಾಲೇಜು ಶುಲ್ಕದ ಲೆಕ್ಕ ಹಾಕಿರುತ್ತಾರೆ. ದುಡಿದು ಕೂಡಿಡುವ ಅಂತಹವರನ್ನು ಸಭೆಯ ಮುಂದೆ ನಿಲ್ಲಿಸಿ “ಬಡ ವಿದ್ಯಾರ್ಥಿಗೆ ಸಹಾಯ” ಎಂದು ಫೋಟೋ ತೆಗೆಸುವುದು ದಾನವಲ್ಲ, ಮಾನಕಷಾಯ. ವಿವರ ಕೇಳುವುದು ತಪ್ಪಲ್ಲ. ಅದನ್ನು ಗುಟ್ಟಾಗಿಡದಿರುವುದು ತಪ್ಪು.

ನಮ್ಮ ಪರಂಪರೆ ಈ ವಿಷಯದಲ್ಲಿ ಬಡವಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಕರ್ಮವೀರ ಭಾವೂರಾವ್ ಪಾಟೀಲರು ಜೈನ ಮನೆತನದವರು. 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳೂ ಕೂಡಿ ಉಂಡು ಓದುವ ವಸತಿಗೃಹವನ್ನು ತೆರೆದರು. 1940ರಲ್ಲಿ ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು ಸಿದ್ಧವನ ಗುರುಕುಲವನ್ನು ಆರಂಭಿಸಿದರು. ಇವರು ಮಗುವಿಗೆ ಮೊದಲು ಊಟ, ದೀಪ, ಓದಲು ಜಾಗ ಕೊಟ್ಟು, ಅನಂತರ ಅಂಕವನ್ನು ನಿರೀಕ್ಷಿಸಿದರು. ನಾವು ಅಂಕವನ್ನು ಮೊದಲು ಕೇಳುತ್ತೇವೆ.

ಆದುದರಿಂದ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಅರ್ಜಿಯಲ್ಲಿ ತಂದೆತಾಯಿಯರ ಉದ್ಯೋಗ, ಓದಿದ ಮಾಧ್ಯಮ, ಶಾಲೆಯ ಸ್ವರೂಪ, ಮನೆಗೆಲಸದ ಹೊರೆ ಇವುಗಳಿಗೆ ಜಾಗವಿರಲಿ. ಇಬ್ಬರು ಸದಸ್ಯರು ಮಾತ್ರ ಅದನ್ನು ಓದಲಿ. ನೆರವು ಜಯಂತಿಯ ಸಮಾರಂಭಕ್ಕೆ ಕಾಯದಿರಲಿ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಇರುವುದು ಕೆಲವೇ ದಿನಗಳು. ಆ ಹುಡುಗಿಗೂ ಸೀಟು ಹಂಚಿಕೆಯಾಗಿತ್ತು. ಗಡುವಿನೊಳಗೆ ಹಣ ಹೊಂದಲಿಲ್ಲ. ಆಕೆ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಳು. ನಾವು ಅವಳ ಓದನ್ನು ನಿಲ್ಲಿಸಲಿಲ್ಲ, ನಿಜ. ಆದರೆ ಅವಳು ಆರಿಸಿಕೊಂಡಿದ್ದ ದಾರಿಯನ್ನು ಮುಚ್ಚಿದೆವು.

ಮರುವರ್ಷ ಆ ನಿಯಮವನ್ನು ಬದಲಿಸಿದೆವು. ನಿರಾಕರಣೆಯ ಪತ್ರದ ಒಕ್ಕಣೆಯನ್ನೂ ಬದಲಿಸಿದೆವು. ಈಗ ಅದರಲ್ಲಿ “ಈ ವರ್ಷ ನಮ್ಮ ನಿಧಿ ಸಾಲದಾಗಿದೆ” ಎಂದಿರುತ್ತದೆ. ಪ್ರತಿಕ್ರಮಣದಲ್ಲಿ ತಪ್ಪನ್ನು ಒಪ್ಪಿಕೊಂಡರೆ ಸಾಲದು, ಮತ್ತೆ ಮಾಡದಿರುವ ಸಂಕಲ್ಪವೂ ಬೇಕು. ಆ ತಂದೆಯ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇದೊಂದೇ. ಅದೂ ತಡವಾಗಿ ಬಂದ ಉತ್ತರ.