ಓದುವವರ ಹಾಳೆ

ಉಚಿತ ನೇತ್ರ ತಪಾಸಣಾ ಶಿಬಿರದ ಕರಪತ್ರವೊಂದನ್ನು ಕೈಗೆತ್ತಿಕೊಳ್ಳಿ. ಯಾವ ಊರಿನದಾದರೂ ಆದೀತು. ನೆತ್ತಿಯ ಮೇಲೆ ದೇವರ ಹೆಸರು, ಅದರಡಿ ಸಂಘದ ಹೆಸರು, ಲಾಂಛನ, ಎರಡೂ ಬದಿಗೆ ಗಣ್ಯರ ಭಾವಚಿತ್ರ. ಆಮೇಲೆ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ. ಕೊನೆಗೆ ಸರ್ವರಿಗೂ ಆದರದ ಸ್ವಾಗತ ಕೋರುವ ಪದಾಧಿಕಾರಿಗಳ ಪಟ್ಟಿ. ಶಿಬಿರ ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ ಎಂಬುದು ಈ ಹೆಸರುಗಳ ಸಂದಿಯಲ್ಲೆಲ್ಲೋ ಸಣ್ಣಕ್ಷರದಲ್ಲಿ ಸಿಕ್ಕಿಕೊಂಡಿರುತ್ತದೆ. ಇದನ್ನು ಓದಬೇಕಾದವರು ಯಾರು? ಕಣ್ಣು ಮಂಜಾದವರು!

ಇಂಥ ಹಾಳೆ ಸಿದ್ಧವಾಗುವ ಡಿಟಿಪಿ ಅಂಗಡಿಯ ಮಾತುಕತೆ ಹೆಚ್ಚೂಕಡಿಮೆ ಎಲ್ಲ ಕಡೆಯೂ ಒಂದೇ.

‘ಅಧ್ಯಕ್ಷರ ಫೋಟೊ ಇನ್ನೊಂಚೂರು ದೊಡ್ಡದು ಮಾಡಪ್ಪ.’

‘ಜಾಗ ಇಲ್ಲ ಸಾರ್. ಟೈಮಿಂದು ಸಣ್ಣದು ಮಾಡ್ಲಾ?’

‘ಮಾಡು, ಮಾಡು. ಅದೇನು, ಕೇಳಿದ್ರೆ ಯಾರಾದ್ರೂ ಹೇಳ್ತಾರೆ.’

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಈ ಉದಾರತೆಗೆ ಅವಕಾಶವಿರಲಿಲ್ಲ. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ನೂರಾರು ಬಗೆಯ ಮೊಳೆ ಬೇಕು. ದೊಡ್ಡ ಅಕ್ಷರದ ಮೊಳೆಗಳಂತೂ ಸಣ್ಣ ಮುದ್ರಣಾಲಯಗಳಲ್ಲಿ ಎಣಿಸಿಟ್ಟಂತೆ ಇರುತ್ತಿದ್ದವು. ಫೋಟೊ ಬೇಕೆಂದರೆ ಬ್ಲಾಕ್ ಮಾಡಿಸಬೇಕು, ಅದರ ಖರ್ಚು ಬೇರೆ. ಹೀಗಾಗಿ ಹಾಳೆಯಲ್ಲಿ ಏನಿರಬೇಕೆಂಬುದನ್ನು ಅರ್ಧದಷ್ಟು ಬಡತನವೇ ತೀರ್ಮಾನಿಸಿಬಿಡುತ್ತಿತ್ತು.

1985ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಬ್ರೈನರ್ಡ್ ಅವರ ಆಲ್ಡಸ್ ಕಂಪನಿ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದಿತು. ಆ ಕಡೆ ಆಪಲ್‌ನ ಲೇಸರ್ ಪ್ರಿಂಟರೂ ಅದೇ ವರ್ಷ ಬಂತು. ಪುಟ ಕಟ್ಟುವ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ನಮ್ಮ ಊರುಗಳ ಅಂಗಡಿಗಳಲ್ಲಿ ಅದು ಆಮೇಲೂ ವರ್ಷಗಟ್ಟಲೆ ಓಡಿತು. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ಅದರಲ್ಲಿ ತಕರಾರಿಲ್ಲದೆ ಕೂರುತ್ತಿದ್ದುದೇ ಕಾರಣ. ಈಗ ಕೋರೆಲ್‌ಡ್ರಾ ಇದೆ, ಕಾಸು ಕೊಡದೆ ಬಳಸಬಹುದಾದ ಸ್ಕ್ರೈಬಸ್ ಇದೆ, ಮೊಬೈಲಿನಲ್ಲೇ ಮುಗಿಸುತ್ತೇನೆಂದರೆ ಕ್ಯಾನ್ವಾ ಇದೆ. ಅಕ್ಷರ ಎಷ್ಟು ದೊಡ್ಡದಾದರೂ ಸರಿ, ಫೋಟೊ ಎಷ್ಟಾದರೂ ಸರಿ, ಬಣ್ಣ ಯಾವುದಾದರೂ ಸರಿ. ಬೇಡ ಎನ್ನುವ ಕೆಲಸವನ್ನು ಮೊದಲು ಮೊಳೆಯ ಕೊರತೆ ಮಾಡುತ್ತಿತ್ತು. ಈಗ ಅದನ್ನು ಮನುಷ್ಯರೇ ಮಾಡಬೇಕು. ಅಂಗಡಿಯ ಹುಡುಗ ಗಿರಾಕಿಗೆ ಹಾಗೆ ಹೇಳಲಾರ. ಗಿರಾಕಿ ಅಧ್ಯಕ್ಷರಿಗೆ ಹೇಳಲಾರ.

ಬ್ರೈನರ್ಡ್ ತಮ್ಮ ಕಂಪನಿಗೆ ಆರಿಸಿಕೊಂಡದ್ದು ವೆನಿಸ್‌ನ ಹಳೆಯ ಮುದ್ರಕ ಆಲ್ಡಸ್ ಮನೂಟಿಯಸ್‌ನ ಹೆಸರನ್ನು. 1501ರಿಂದಾಚೆಗೆ ಪ್ರಾಚೀನ ಕವಿಗಳನ್ನು ಅಂಗೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಗಾತ್ರದಲ್ಲಿ ಅಚ್ಚು ಹಾಕಿ ಹೆಸರಾದವನು ಆತ. ಅದಕ್ಕೂ ಮುನ್ನ ಅಂಥ ಗ್ರಂಥಗಳು ಹೆಚ್ಚಾಗಿ ಮೇಜಿನ ಮೇಲೆ ಹರಡಿ ಓದಬೇಕಾದ ಗಾತ್ರದವು. ಪುಟ ಕಟ್ಟುವ ಮೊದಲು ಹಿಡಿಯುವವರ ಕೈಯನ್ನು ನೆನೆದ ಮುದ್ರಕ ಅವನು. ತಂತ್ರಾಂಶದ ಜೊತೆಗೆ ಆ ಬುದ್ಧಿಯೂ ನಮಗೆ ಬಂದಿದ್ದರೆ ಚೆನ್ನಾಗಿತ್ತು.

ನೇತ್ರ ಶಿಬಿರದ ಹಾಳೆಯನ್ನು ಓದುವವರ ಕಡೆಯಿಂದ ಕಟ್ಟುವುದು ಹೇಗೆ? ಮೊದಲ ಕೆಲಸ ಕಂಪ್ಯೂಟರಿನದಲ್ಲ. ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು: ಏನು, ಯಾವತ್ತು, ಎಲ್ಲಿ, ದುಡ್ಡು ಕೊಡಬೇಕೇ, ಏನು ತರಬೇಕು, ಯಾರನ್ನು ಕೇಳಬೇಕು. ಅಷ್ಟೇ ಮ್ಯಾಟರು. ಹಾಳೆ ಎ5 ಇರಲಿ, 148ಕ್ಕೆ 210 ಮಿಲಿಮೀಟರ್. ಎ4 ಹಾಳೆಯೊಂದರಲ್ಲಿ ಎರಡು ಕೂರುತ್ತವೆ, ಮಧ್ಯೆ ಕತ್ತರಿಸಿದರಾಯಿತು. 500 ಹಾಳೆಯ ಒಂದು ರೀಮಿನಲ್ಲಿ 1000 ಕರಪತ್ರ. ಸುತ್ತ ಒಂದು ಸೆಂಟಿಮೀಟರ್ ಖಾಲಿ ಬಿಡಬೇಕು. ಅಲ್ಲಿ ಬಳ್ಳಿ, ಬಾರ್ಡರು ತುಂಬುವ ಆಸೆಯನ್ನು ಅದುಮಿಕೊಳ್ಳಬೇಕು.

ಕನ್ನಡದ ಅಕ್ಷರಗಳಿಗೆ ಮೇಲೂ ಕೆಳಗೂ ಜಾಗ ಬೇಕು. ಗುಣಿತದ ಗುರುತುಗಳು ಮೇಲೆ ಏಳುತ್ತವೆ, ಒತ್ತುಗಳು ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಉಳಿಸಿಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 16 ಪಾಯಿಂಟ್ ಇದ್ದರೆ ಸಾಲಿಗೆ 22ರಿಂದ 24 ಕೊಟ್ಟರೆ ವಯಸ್ಸಾದವರಿಗೆ ಹಿತ. ತೀರಾ ದಪ್ಪ ಫಾಂಟಿನಲ್ಲಿ ಒತ್ತಿನ ಹೊಟ್ಟೆಗೆ ಮಸಿ ತುಂಬಿಕೊಂಡು ಯಾವ ಅಕ್ಷರವೆಂದೇ ತಿಳಿಯದಂತಾಗುತ್ತದೆ. ಜಾಗ ಸಾಲದೆಂದು ಅಕ್ಷರವನ್ನು ಅಡ್ಡಡ್ಡ ಹಿಂಡಿದರೂ ಅದೇ ಗತಿ. ಎರಡೂ ಅಂಚು ಸಮ ಮಾಡಲು ಹೋದರೆ ನಮ್ಮ ಉದ್ದುದ್ದ ಪದಗಳ ನಡುವೆ ಹಲ್ಲುಬಿದ್ದ ಹಾಗೆ ಸಂದಿ ಬೀಳುತ್ತದೆ. ಎಡ ಅಂಚು ಸಾಲಾಗಿದ್ದು ಬಲ ಅಂಚು ಹೇಗಿದ್ದರೂ ಓದು ಕೆಡುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಯೂನಿಕೋಡ್ ಮ್ಯಾಟರನ್ನು ಹಳೆಯ ಫಾಂಟಿಗೆ ಬದಲಿಸಿದಾಗ ಅರ್ಕಾವತ್ತು, ಒತ್ತು ಹಾರಿಹೋಗುವುದುಂಟು. ಆದ್ದರಿಂದ ಕಳುಹಿಸುವ ಮುನ್ನ ಸರಿಯಿತ್ತು ಎಂಬುದು ಲೆಕ್ಕಕ್ಕಿಲ್ಲ. ಪ್ರೂಫನ್ನು ಕಾಗದದ ಮೇಲೆ ತೆಗೆದು ಮತ್ತೆ ಓದಬೇಕು. ಅದರಲ್ಲೂ ತಾರೀಕು, ವಾರ, ಫೋನ್ ನಂಬರು. ಭಾನುವಾರ ಎಂದು ಬರೆದ ತಾರೀಕು ಕ್ಯಾಲೆಂಡರಿನಲ್ಲಿ ಶನಿವಾರವಾಗಿದ್ದರೆ ಬಸ್ಸು ಹತ್ತಿ ಬಂದು ಬೀಗ ನೋಡಿ ವಾಪಸಾಗುವವರು ಪ್ರೂಫು ನೋಡಿದವರಲ್ಲ.

ಹೆಸರುಗಳನ್ನೆಲ್ಲ ಹೊರಗಿಡಬೇಕೆಂದು ಹೇಳುತ್ತಿಲ್ಲ. ದುಡ್ಡು ಕೊಟ್ಟವರಿಗೆ ಹೆಸರು ಕಾಣುವುದೇ ರಸೀತಿ. ಮುಂದಿನ ವರ್ಷದ ಶಿಬಿರ ಆ ಸಂತೋಷದ ಮೇಲೆಯೇ ನಿಂತಿರುತ್ತದೆ. ಊರಿನವರಿಗೂ ಗೊತ್ತಿರುವ ಹೆಸರೊಂದು ಕಂಡರೆ ಧೈರ್ಯ. ಆ ಪಟ್ಟಿಗೆ ಆಹ್ವಾನ ಪತ್ರಿಕೆ ಇದೆ, ಕರಪತ್ರದ ಹಿಂಬದಿ ಇದೆ, ವೇದಿಕೆಯ ಬ್ಯಾನರ್ ಇದೆ. ಮುಂಬದಿಗೆ ನಡೆಸುವವರ ಹೆಸರು, ಫೋನಿನಲ್ಲಿ ಸಿಗುವ ಒಬ್ಬರ ಹೆಸರು ಸಾಕು.

ಕಾನೂನಿಗೂ ಹೆಸರು ಬೇಕು, ಆದರೆ ಅದು ಕೇಳುವ ಹೆಸರೇ ಬೇರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಚುನಾವಣಾ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಳೆಯಲ್ಲಿರುವ ಮಾತಿಗೆ ನಾಳೆ ಯಾರು ಉತ್ತರ ಹೇಳುತ್ತಾರೆ ಎಂಬುದಷ್ಟೇ ಅದರ ಪ್ರಶ್ನೆ. ಬೆಳಗುವ ಹೆಸರಿಗೂ ಹೊಣೆ ಹೊರುವ ಹೆಸರಿಗೂ ಇರುವ ಅಂತರವನ್ನು ಕಾಯ್ದೆ ನಮಗಿಂತ ಚೆನ್ನಾಗಿ ಬಲ್ಲದು.

ಒಳ್ಳೆಯ ಕೆಲಸ ಮಾಡುವಾಗಲೂ ನಮ್ಮ ಕಣ್ಣು ಕೆಲಸ ತಲುಪಬೇಕಾದವರನ್ನು ಬಿಟ್ಟು ನಮ್ಮವರ ಮುಖದ ಕಡೆಗೇ ತಿರುಗುತ್ತದೆ. ಶಾಲೆಯ ವಾರ್ಷಿಕೋತ್ಸವದ ಭಾಷಣಗಳಲ್ಲಿ, ಸರ್ಕಾರಿ ಯೋಜನೆಯ ಜಾಹೀರಾತುಗಳಲ್ಲಿ ಕಾಣುವುದೂ ಇದೇ ಗುಣ. ಕರಪತ್ರದಲ್ಲಿ ಅದು ಅಂಗೈಯಗಲಕ್ಕೆ ಇಳಿದು ಎದ್ದು ಕಾಣುತ್ತದೆ. ಹಾಗೆ ಕಾಣುವುದರಿಂದಲೇ ಇಲ್ಲಿ ತಿದ್ದಿಕೊಳ್ಳುವುದು ಸುಲಭ.

ಪ್ರೂಫನ್ನು ಅಧ್ಯಕ್ಷರಿಗೆ ತೋರಿಸುವ ಮೊದಲು ಪಕ್ಕದ ಮನೆಯ ಅಜ್ಜಿಗೆ ಕೊಡಿ. ‘ಯಾವತ್ತು, ಎಲ್ಲಿ ಅಂತ ಗೊತ್ತಾಯ್ತಾ ಅಜ್ಜಿ?’ ಎಂದು ಕೇಳಿ. ಅವರು ಕನ್ನಡಕ ಹುಡುಕಿ, ಹಾಳೆ ತಿರುಗಿಸಿ, ‘ನೀನೇ ಓದಿ ಹೇಳಪ್ಪ’ ಅಂದರೆ ಫೈಲನ್ನು ಮತ್ತೆ ತೆರೆಯಬೇಕು. ಅಕ್ಷರ ದೊಡ್ಡದು ಮಾಡಲು ಜಾಗ ಎಲ್ಲಿದೆ ಎಂದು ಡಿಟಿಪಿಯ ಹುಡುಗನನ್ನು ಕೇಳಿದರೆ ಸಾಕು. ಅದು ಅವನಿಗೆ ಮೊದಲಿನಿಂದಲೂ ಗೊತ್ತು.